ಮಾಸು ಎಲ್ಲಿದೆ ಎಂದು ಕೇಳಿರಿ

(ರಾವೂರಿನ ತಾಯಂದಿರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ, ಡಾಕ್ಟರಲ್ಲ. ಹೆರಿಗೆಯ ವಿಷಯ ಮಾತಾಡಲು ಇವಳಿಗೇನು ಅಧಿಕಾರ ಎಂದು ನೀವು ಕೇಳಬಹುದು. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ತಾಯಿಯ ಹೆಸರಿಗೆ ಒಂದು ಕಾಲಂ ಇರುತ್ತದೆ. ಕೆಲವು ಮಕ್ಕಳನ್ನು ಸೇರಿಸಲು ಅಜ್ಜಿ ಬರುತ್ತಾಳೆ, ಚಾಚಿ ಬರುತ್ತಾಳೆ. ತಾಯಿಯ ಹೆಸರು ಕೇಳಿದರೆ ಹೇಳುತ್ತಾರೆ, ಆಮೇಲೆ ಸಣ್ಣ ಧ್ವನಿಯಲ್ಲಿ "ಜಚಗಿಯಲ್ಲೇ ಹೋದಳು" ಎನ್ನುತ್ತಾರೆ. ಏನಾಗಿತ್ತು ಎಂದರೆ "ರಕ್ತ ಬಹಳ ಹೋಯಿತು, ನಸೀಬು" ಎಂಬ ಉತ್ತರ. ಆ ಕಾಲಂ ತುಂಬುವವರು ನಾವು. ನಸೀಬು ಎಂಬ ಮಾತಿನ ಹಿಂದೆ ಏನಿದೆ ಎಂದು ಓದಿ ತಿಳಿದುಕೊಳ್ಳುವ ಅಧಿಕಾರ ಅಷ್ಟರಮಟ್ಟಿಗೆ ನಮಗೂ ಇದೆ ಎಂದುಕೊಂಡು ಈ ಮಾತು ಆಡುತ್ತಿದ್ದೇನೆ.

ಮೊದಲು ಒಂದು ಶಬ್ದ. ನಮ್ಮ ವಿಜ್ಞಾನ ಪುಸ್ತಕದಲ್ಲಿ ಅದನ್ನು ಜರಾಯು ಎಂದು ಬರೆದಿರುತ್ತಾರೆ. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಬರೆದ ಮಕ್ಕಳಿಗೂ ಅದು ಮನೆಯಲ್ಲಿ ಹೇಳುವ ಮಾಸು ಎಂದು ಹೊಳೆಯುವುದಿಲ್ಲ. ಉರ್ದುವಿನಲ್ಲಿ ಆಂವಲ್. ಡಾಕ್ಟರು ಪ್ಲಾಸೆಂಟಾ ಎನ್ನುತ್ತಾರೆ. ನಾಲ್ಕೂ ಒಂದೇ. ಮಗುವಿಗೆ ತಾಯಿಯ ರಕ್ತದಿಂದ ಅನ್ನ, ಗಾಳಿ ಎಲ್ಲವನ್ನೂ ತಂದುಕೊಡುವ ಅಂಗ ಅದು. ಮಗು ಹುಟ್ಟಿದ ಮೇಲೆ ಅದರ ಕೆಲಸ ಮುಗಿಯುತ್ತದೆ, ತಾನಾಗಿ ಕಳಚಿ ಹೊರಗೆ ಬರುತ್ತದೆ.

ಈಗ ಒಂದು ತಂಬಿಗೆಯನ್ನು ಬೋರಲು ಹಿಡಿದಂತೆ ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ. ಗರ್ಭಕೋಶ ಹಾಗೇ ಇರುತ್ತದೆ, ಬಾಯಿ ಕೆಳಗೆ. ಸಾಮಾನ್ಯವಾಗಿ ಮಾಸು ಮೇಲ್ಭಾಗದಲ್ಲಿ ಅಥವಾ ಪಕ್ಕದ ಗೋಡೆಗೆ ಅಂಟಿಕೊಂಡಿರುತ್ತದೆ. ಮಗು ಮೊದಲು ಬರುತ್ತದೆ, ಮಾಸು ಹಿಂದಿನಿಂದ. ಆದರೆ ಸುಮಾರು ಇನ್ನೂರು ಹೆರಿಗೆಗಳಲ್ಲಿ ಒಂದರಲ್ಲಿ ಮಾಸು ಕೆಳಗೇ ಬೆಳೆದು ತಂಬಿಗೆಯ ಬಾಯಿಯನ್ನು ಮುಚ್ಚಿಕೊಂಡು ಕುಳಿತಿರುತ್ತದೆ. ಇದಕ್ಕೆ ಪ್ಲಾಸೆಂಟಾ ಪ್ರೀವಿಯಾ ಎನ್ನುತ್ತಾರೆ. ಮಗು ಬರುವ ದಾರಿಯಲ್ಲಿ ಮಾಸೇ ಅಡ್ಡ ಬಿದ್ದಂತೆ. ದಿನ ತುಂಬುತ್ತ ಬಂದಂತೆ ಆ ಬಾಯಿ ಸಡಿಲಾಗುತ್ತದೆ, ಅಂಟಿಕೊಂಡ ಮಾಸು ಅಂಚಿನಲ್ಲಿ ಬಿಡುತ್ತದೆ, ರಕ್ತ ಬರುತ್ತದೆ.

ಈ ರಕ್ತಕ್ಕೆ ಒಂದು ಗುರುತಿದೆ. ಸಾಮಾನ್ಯವಾಗಿ ನೋವು ಇರುವುದಿಲ್ಲ. ಏಳೆಂಟು ತಿಂಗಳ ಗರ್ಭಿಣಿ ರಾತ್ರಿ ಮಲಗಿರುತ್ತಾಳೆ, ಹೊಟ್ಟೆನೋವಿಲ್ಲ, ಏನಿಲ್ಲ, ಎದ್ದರೆ ಸೀರೆ ಒದ್ದೆಯಾಗಿರುತ್ತದೆ. ಎಷ್ಟೋ ಸಲ ಮೊದಲನೆಯ ಸಲದ ರಕ್ತ ಸ್ವಲ್ಪವೇ ಬಂದು ತಾನಾಗಿ ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ಮೋಸ ಹೋಗುವುದು ಇಲ್ಲಿಯೇ. ನೋವಿಲ್ಲವಲ್ಲ, ನಿಂತೂ ಹೋಯಿತಲ್ಲ, ಉಷ್ಣಕ್ಕೆ ಆಗಿರಬೇಕು, ನಾಳೆ ನೋಡೋಣ ಎನ್ನುತ್ತೇವೆ. ಎರಡನೆಯ ಸಲ ಅದು ಕೇಳಿ ಬರುವುದಿಲ್ಲ. ಐದು ತಿಂಗಳು ದಾಟಿದ ಮೇಲೆ ಕಂಡ ರಕ್ತಕ್ಕೆ, ನೋವಿರಲಿ ಇಲ್ಲದಿರಲಿ, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಬೇಕು. ಇನ್ನೊಂದು ಮಾತು, ಹಿರಿಯ ಖಾಲಾಗಳು ಬೇಸರ ಮಾಡಿಕೊಳ್ಳಬಾರದು: ಇಂಥ ಹೊತ್ತಿನಲ್ಲಿ ಬಾಯಿ ಎಷ್ಟು ತೆರೆದಿದೆ ನೋಡೋಣ ಎಂದು ಯಾರೂ ಕೈಹಾಕಿ ನೋಡಕೂಡದು. ಬೆರಳು ತಾಗಿದರೆ ಅಂಟಿಕೊಂಡಿರುವ ಮಾಸು ಇನ್ನಷ್ಟು ಬಿಟ್ಟು ಹೊಳೆಯಂತೆ ರಕ್ತ ಹರಿಯಬಹುದು. ಡಾಕ್ಟರು ಕೂಡ ಸ್ಕ್ಯಾನ್ ನೋಡದೆ ಹಾಗೆ ಮಾಡುವುದಿಲ್ಲ.

ಈ ನಿಯಮ ಎಲ್ಲಿಂದ ಬಂತು? ಐರ್‌ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಮೆಕಾಫೀ ಎಂಬ ವೈದ್ಯರಿದ್ದರು. ಅವರ ಕಾಲದಲ್ಲಿ ಪ್ರೀವಿಯಾ ಎಂದು ಗೊತ್ತಾದೊಡನೆ, ತಾಯಿಯನ್ನಾದರೂ ಉಳಿಸೋಣ ಎಂದು ಕೂಡಲೇ ಹೆರಿಗೆ ಮಾಡಿಸಿಬಿಡುತ್ತಿದ್ದರು. ದಿನ ತುಂಬದ ಮಕ್ಕಳು, ಸುಮಾರು ಅರ್ಧದಷ್ಟು, ಸಾಯುತ್ತಿದ್ದವು. ರಕ್ತ ನಿಂತಿದ್ದರೆ ಅವಸರ ಬೇಡ ಎಂದರು ಮೆಕಾಫೀ. ತಾಯಿಯನ್ನು ಆಸ್ಪತ್ರೆಯಲ್ಲೇ ಇರಿಸಿ, ಒಳಪರೀಕ್ಷೆ ಮಾಡದೆ, ಕೊಡಲು ರಕ್ತ ಸಿದ್ಧವಿಟ್ಟುಕೊಂಡು, ಮಗು ಬಲಿಯುವವರೆಗೆ ಕಾಯ್ದರು. 174 ತಾಯಂದಿರ ಲೆಕ್ಕವನ್ನು 1945ರಲ್ಲಿ ಪ್ರಕಟಿಸಿದರು. ತಾಯಂದಿರ ಸಾವು ನೂರಕ್ಕೆ ಒಂದಕ್ಕಿಂತ ಕಡಿಮೆಯಾಗಿತ್ತು, ಮಕ್ಕಳ ಸಾವೂ ಅರ್ಧದಷ್ಟು ಇಳಿದಿತ್ತು. ಆಗ ಸ್ಕ್ಯಾನ್ ಎಂಬುದೇ ಇರಲಿಲ್ಲ ಎಂಬುದು ನೆನಪಿರಲಿ. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಶಬ್ದದ ಅಲೆಗಳಿಂದ ಹೊಟ್ಟೆಯೊಳಗಿನ ಚಿತ್ರ ತೆಗೆದು ತೋರಿಸಿದ್ದು 1958ರಲ್ಲಿ. ಅಲ್ಲಿಂದ ಮುಂದೆ ಮಾಸು ಎಲ್ಲಿದೆ ಎಂಬುದು ರಕ್ತ ಬರುವ ಮೊದಲೇ ತಿಳಿಯುವ ಸಂಗತಿಯಾಯಿತು.

ತಿಳಿಯುವ ಸಂಗತಿ ಎಂದೆ. ನಾವು ತಿಳಿದುಕೊಳ್ಳುತ್ತಿದ್ದೇವೆಯೇ? ಸ್ಕ್ಯಾನ್ ಮಾಡಿಸಲು ಕಲಬುರಗಿಗೆ ಹೋಗುತ್ತೇವೆ, ಬಸ್ಸಿಗೆ, ಸ್ಕ್ಯಾನಿಗೆ ದುಡ್ಡು ಖರ್ಚು ಮಾಡುತ್ತೇವೆ. ಕೋಣೆಯಿಂದ ಹೊರಬಂದ ಸೊಸೆಯನ್ನು ಅತ್ತೆ ಕೇಳುವ ಮೊದಲ ಪ್ರಶ್ನೆ ಯಾವುದು ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾಯ್ದೆಯಂತೆ ಅಪರಾಧ. ಕೇಳಬೇಕಾದ, ಕೇಳಿದರೆ ಡಾಕ್ಟರು ಸಂತೋಷದಿಂದ ಹೇಳುವ ಪ್ರಶ್ನೆ ಬೇರೆ ಇದೆ: "ಡಾಕ್ಟರೇ, ಮಾಸು ಎಲ್ಲಿದೆ?" ಅದು ಆ ಕಾಗದದಲ್ಲಿ ಬರೆದೇ ಇರುತ್ತದೆ. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದಿದ ಮಗಳೊಬ್ಬಳು ಇದ್ದರೆ ಪ್ಲಾಸೆಂಟಾ ಎಂಬ ಸಾಲನ್ನು ಹುಡುಕಿ ಓದಿ ಹೇಳಬಲ್ಲಳು. ಹೆಣ್ಣುಮಕ್ಕಳನ್ನು ಹತ್ತನೆಯ ತರಗತಿ ದಾಟಿಸಿರಿ ಎಂದು ನಾವು ಮನೆಮನೆಗೆ ಬಂದು ಹೇಳುವಾಗ ಇಂಥ ಕಾಗದಗಳೂ ನಮ್ಮ ಮನಸ್ಸಿನಲ್ಲಿರುತ್ತವೆ.

ಐದನೆಯ ತಿಂಗಳ ಸ್ಕ್ಯಾನಿನಲ್ಲಿ ಮಾಸು ಕೆಳಗಿದೆ ಎಂದು ಬಂದರೆ ಗಾಬರಿ ಬೇಡ. ಗರ್ಭಕೋಶ ಬೆಳೆದಂತೆ ಹೆಚ್ಚಿನವರಲ್ಲಿ ಮಾಸು ಮೇಲಕ್ಕೆ ಸರಿಯುತ್ತದೆ, ಹತ್ತರಲ್ಲಿ ಒಂಬತ್ತು ಜನರಿಗೆ ಹಾಗಾಗುತ್ತದೆ. ಗಾಬರಿ ಬೇಡ ಎಂದರೆ ಮರೆತುಬಿಡಿ ಎಂದಲ್ಲ. ಎಂಟನೆಯ ತಿಂಗಳ ಹೊತ್ತಿಗೆ, ಅಂದರೆ ಸುಮಾರು 32ನೆಯ ವಾರದಲ್ಲಿ, ಇನ್ನೊಮ್ಮೆ ನೋಡಿಸಲೇಬೇಕು. ಆಗಲೂ ಬಾಯಿಯ ಮೇಲೇ ಇದ್ದರೆ ಸಿಜೇರಿಯನ್ ಒಂದೇ ದಾರಿ. ಅದನ್ನು ನೋವು ಬರುವ ಮೊದಲೇ, ಸಾಮಾನ್ಯವಾಗಿ 36-37ನೆಯ ವಾರದಲ್ಲಿ, ದಿನ ಗೊತ್ತು ಮಾಡಿ, ರಕ್ತ ಸಿಗುವ ದೊಡ್ಡ ಆಸ್ಪತ್ರೆಯಲ್ಲಿ ಮಾಡುತ್ತಾರೆ. ತವರಿನಲ್ಲೇ ಮೊದಲ ಹೆರಿಗೆ ಆಗಬೇಕು ಎಂಬ ನಮ್ಮ ಪದ್ಧತಿಗೆ ಇಲ್ಲಿ ರಿಯಾಯಿತಿ ಇರಲಿ. ತವರು ಎಷ್ಟೇ ಪ್ರೀತಿಯದಾದರೂ ಅಲ್ಲಿ ರಕ್ತನಿಧಿ ಇರುವುದಿಲ್ಲ.

ಯಾರಿಗೆ ಹೆಚ್ಚು ಅಪಾಯ? ಹಿಂದೆ ಸಿಜೇರಿಯನ್ ಆದವರಿಗೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಗರ್ಭಕೋಶ ಕೊಯ್ದ ಜಾಗದಲ್ಲಿ ಗಾಯದ ಕಲೆ ಉಳಿಯುತ್ತದೆ. ಮುಂದಿನ ಬಸಿರಿನಲ್ಲಿ ಮಾಸು ಆ ಕಲೆಯ ಮೇಲೆಯೇ ಕುಳಿತರೆ, ಗೋಡೆಯ ಬಿರುಕಿನಲ್ಲಿ ಅರಳಿ ಬೇರು ಇಳಿದಂತೆ, ಅದು ಒಳಗೆ ಇಳಿದುಬಿಡಬಹುದು. ಆಗ ಹೆರಿಗೆಯ ನಂತರ ಕಳಚುವುದಿಲ್ಲ. ಎಳೆದರೆ ರಕ್ತ ನಿಲ್ಲುವುದಿಲ್ಲ. ಅಮೆರಿಕದಲ್ಲಿ ಸಿಜೇರಿಯನ್ ಆದ 30 ಸಾವಿರಕ್ಕೂ ಹೆಚ್ಚು ತಾಯಂದಿರ ಲೆಕ್ಕ 2006ರಲ್ಲಿ ಪ್ರಕಟವಾಯಿತು. ಅವರಲ್ಲಿ ಪ್ರೀವಿಯಾ ಇದ್ದವರನ್ನಷ್ಟೇ ತೆಗೆದುಕೊಂಡರೆ, ಮಾಸು ಹೀಗೆ ಬೇರಿಳಿದದ್ದು ಮೊದಲು ಸಿಜೇರಿಯನ್ ಆಗದವರಲ್ಲಿ ನೂರಕ್ಕೆ 3 ಜನರಿಗೆ, ಒಮ್ಮೆ ಆದವರಲ್ಲಿ 11 ಜನರಿಗೆ, ಎರಡು ಸಲ ಆದವರಲ್ಲಿ 40 ಜನರಿಗೆ. ಮೂರರಿಂದ ನಲವತ್ತಕ್ಕೆ! ನೋವು ತಿನ್ನುವುದೇಕೆ, ದುಡ್ಡು ಹೋದರೆ ಹೋಗಲಿ, ಕೊಯ್ಸಿಬಿಡೋಣ ಎನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಬೇಕಾದಾಗ ಸಿಜೇರಿಯನ್ ಪ್ರಾಣ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಬೇಡದಾಗ ಮಾಡಿಸಿಕೊಂಡದ್ದರ ಬೆಲೆ ಮುಂದಿನ ಬಸಿರಿನಲ್ಲಿ ತೆರಬೇಕಾಗಬಹುದು. ಒಮ್ಮೆ ಸಿಜೇರಿಯನ್ ಆದವಳು ಮತ್ತೆ ಬಸಿರಾದರೆ, ಹಳೆಯ ಕಲೆ ಎಲ್ಲಿ, ಮಾಸು ಎಲ್ಲಿ ಎಂದು ಎರಡನ್ನೂ ಕೇಳಬೇಕು.

ಇಲ್ಲಿಯವರೆಗೆ ಹೆರಿಗೆಗೆ ಮುಂಚಿನ ರಕ್ತದ ಮಾತಾಯಿತು. ಇನ್ನು ಮಗು ಹುಟ್ಟಿದ ಮೇಲಿನದು. ಪ್ರೀವಿಯಾ ಇದ್ದವರಿಗೂ ಇಲ್ಲದವರಿಗೂ ಇದು ಬರಬಹುದು, ಇದರಿಂದ ಆಗುವ ಸಾವೇ ಹೆಚ್ಚು. ದಿನ ತುಂಬಿದಾಗ ಗರ್ಭಕೋಶದ ಕಡೆಗೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿದ ಕೂಡಲೇ ಅಷ್ಟೂ ನಾಳಗಳ ಬಾಯಿ ತೆರೆದಿರುತ್ತದೆ. ಹಾಗಿದ್ದರೆ ಎಲ್ಲ ತಾಯಂದಿರೂ ಯಾಕೆ ಸಾಯುವುದಿಲ್ಲ? ಗರ್ಭಕೋಶದ ಸ್ನಾಯುಗಳು ಹೆಣೆದ ಹಗ್ಗದಂತೆ ಆ ನಾಳಗಳ ಸುತ್ತ ಇರುತ್ತವೆ, ಮಗು ಹೊರಬಂದೊಡನೆ ಬಿಗಿದುಕೊಂಡು ಒಂದೊಂದು ನಾಳಕ್ಕೂ ಗಂಟು ಹಾಕುತ್ತವೆ. ಆ ಬಿಗಿತ ಬಾರದಿದ್ದರೆ ರಕ್ತ ನಿಲ್ಲುವುದಿಲ್ಲ. ಪ್ರೀವಿಯಾದಲ್ಲಿ ಮಾಸು ಅಂಟಿರುವುದು ಕೆಳಭಾಗದಲ್ಲಿ. ಅಲ್ಲಿ ಸ್ನಾಯು ತೆಳುವು, ಗಂಟು ಸಡಿಲು. ಅದಕ್ಕೇ ಅವರಿಗೆ ಹೆರಿಗೆಯ ನಂತರವೂ ಅಪಾಯ ಮುಗಿದಿರುವುದಿಲ್ಲ.

ಬಿಗಿತ ತರಿಸಲು ಆಕ್ಸಿಟೋಸಿನ್ ಎಂಬ ಚುಚ್ಚುಮದ್ದು ಇದೆ, ಬಹಳ ಒಳ್ಳೆಯದು. ಆದರೆ ಅದನ್ನು ತಣ್ಣಗೆ ಇಡಬೇಕು, ಚುಚ್ಚಲು ತಿಳಿದವರು ಬೇಕು. ಇಪ್ಪತ್ತು ವರ್ಷಗಳ ಹಿಂದೆ ಕರೆಂಟೇ ಸರಿಯಾಗಿ ಇಲ್ಲದ ಹಳ್ಳಿಯಲ್ಲಿ, ಮನೆಯಲ್ಲೇ ಹೆರುವ ಹೆಂಗಸಿಗೆ ಅದು ಸಿಗುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ಲಂಡನ್ನಿನಲ್ಲಲ್ಲ, ನಮ್ಮದೇ ರಾಜ್ಯದ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ. ಅಲ್ಲಿನ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ಡಾ. ಕೊಡಕಣಿ, ಡಾ. ಶಿವಪ್ರಸಾದ ಗೌಡರ ಮತ್ತು ಅವರ ಸಂಗಡಿಗರು, ಅಮೆರಿಕದ ಡಾ. ರಿಚರ್ಡ್ ಡರ್ಮನ್ ಅವರೊಂದಿಗೆ ಸೇರಿ, 2002ರಿಂದ 2005ರವರೆಗೆ ಒಂದು ಪರೀಕ್ಷೆ ನಡೆಸಿದರು. ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿ, 1620 ತಾಯಂದಿರು. ಹೆರಿಗೆ ಮಾಡಿಸಿದವರು ದೊಡ್ಡ ಡಾಕ್ಟರುಗಳಲ್ಲ, ನಮ್ಮ ನರ್ಸಮ್ಮಗಳು, ಎ.ಎನ್.ಎಂ.ಗಳು. ಮಗು ಹುಟ್ಟಿದ ಕೂಡಲೇ ಅರ್ಧದಷ್ಟು ಜನರಿಗೆ ಮಿಸೋಪ್ರೋಸ್ಟಾಲ್ ಗುಳಿಗೆ ನುಂಗಿಸಿದರು. ಉಳಿದರ್ಧ ಜನರಿಗೆ ನೋಡಲು ಹಾಗೇ ಇರುವ, ಔಷಧವಿಲ್ಲದ ಗುಳಿಗೆ. ಯಾವುದು ಯಾವುದೆಂದು ಕೊಡುವವರಿಗೂ ಗೊತ್ತಿಲ್ಲ, ನುಂಗುವವರಿಗೂ ಗೊತ್ತಿಲ್ಲ. ಔಷಧವಿಲ್ಲದ ಗುಳಿಗೆ ಕೊಡುವುದು ನ್ಯಾಯವೇ ಎಂದು ನನಗೂ ಅನಿಸಿತ್ತು. ಆ ದಿನಗಳಲ್ಲಿ ಹಳ್ಳಿಯ ಹೆರಿಗೆಗೆ ಯಾವ ಔಷಧವೂ ಇರುತ್ತಿರಲಿಲ್ಲ, ಈ ಗುಳಿಗೆ ಉಪಯೋಗವೋ ಅಲ್ಲವೋ ಎಂಬುದೂ ಯಾರಿಗೂ ಖಚಿತವಿರಲಿಲ್ಲ ಎಂಬುದನ್ನು ಓದಿದ ಮೇಲೆ ಅದರ ಅಗತ್ಯ ತಿಳಿಯಿತು.

ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅರ್ಧ ಲೀಟರಿಗೂ ಹೆಚ್ಚು ರಕ್ತ ಹೋದವರು ಔಷಧವಿಲ್ಲದ ಗುಂಪಿನಲ್ಲಿ ನೂರಕ್ಕೆ 12, ಔಷಧ ನುಂಗಿದ ಗುಂಪಿನಲ್ಲಿ 6.4. ಒಂದು ಲೀಟರಿಗೂ ಹೆಚ್ಚು ಹೋದವರು 1.2ರಿಂದ 0.2ಕ್ಕೆ ಇಳಿದರು. ಹದಿನೆಂಟು ತಾಯಂದಿರಿಗೆ ಗುಳಿಗೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ ಎಂಬ ಲೆಕ್ಕ. ನುಂಗಿದವರಲ್ಲಿ ಅರ್ಧ ಜನರಿಗೆ ಚಳಿ ನಡುಕ ಬಂತು, ಅದು ತಾನಾಗಿ ಹೋಗುವಂಥದು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಈ ಕೆಲಸಕ್ಕೆಂದು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬೆಳಗಾವಿಯ ಹೊಲದ ಮನೆಗಳಲ್ಲಿ ಹೆತ್ತ ತಾಯಂದಿರ ಹೆಸರು ಆ ಪತ್ರಿಕೆಯಲ್ಲಿ ಇಲ್ಲ. ಆದರೆ ಅವರು ಒಪ್ಪದಿದ್ದರೆ ಈ ಅರಿವು ಯಾರಿಗೂ ಸಿಗುತ್ತಿರಲಿಲ್ಲ. ಒಂದು ಎಚ್ಚರಿಕೆ: ಇದು ಮಗು ಹೊರಬಂದ ಮೇಲೆ, ತಿಳಿದವರು ಕೊಡುವ ಗುಳಿಗೆ. ಹೆರಿಗೆ ಬೇಗ ಆಗಲಿ ಎಂದು ಅಂಗಡಿಯಿಂದ ತಂದು ಮೊದಲೇ ನುಂಗಿಸಿದರೆ ಗರ್ಭಕೋಶ ಒಡೆದುಹೋಗಬಹುದು.

ಆ ಪರೀಕ್ಷೆಯಲ್ಲಿ ನನಗೆ ಗುಳಿಗೆಗಿಂತ ಹೆಚ್ಚು ಹಿಡಿಸಿದ್ದು ಒಂದು ಪ್ಲಾಸ್ಟಿಕ್ ಹಾಳೆ. ಎಷ್ಟು ರಕ್ತ ಹೋಯಿತು ಎಂದು ತಿಳಿಯಬೇಕಲ್ಲ! ಎಲ್ಲ ಕಡೆಯೂ ಕಣ್ಣಂದಾಜು: "ಸ್ವಲ್ಪ ಹೋಯಿತು", "ಬಹಳ ಹೋಯಿತು". ಬಟ್ಟೆ ಕುಡಿದದ್ದು, ನೆಲಕ್ಕೆ ಇಂಗಿದ್ದು ಯಾರ ಲೆಕ್ಕಕ್ಕೂ ಇಲ್ಲ. ಹೆತ್ತವಳ ಕೆಳಗೆ ಹಾಸುವ, ತುದಿಯಲ್ಲಿ ಚೀಲದಂತೆ ಇಳಿಬಿಟ್ಟ, ಅಳತೆಯ ಗೆರೆಗಳಿರುವ ಹಾಳೆಯೊಂದನ್ನು ಅವರು ತಯಾರಿಸಿದರು. ಅದನ್ನು ಮಾಡಿದ ಏಳು ಜನರ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ 'ಬ್ರಾಸ್-ವಿ' ಎಂದು ಹೆಸರಿಟ್ಟರು. ಬೆಳಗಾವಿಯಲ್ಲೇ 123 ತಾಯಂದಿರಲ್ಲಿ ಕಣ್ಣಂದಾಜನ್ನೂ ಹಾಳೆಯ ಅಳತೆಯನ್ನೂ ಹೋಲಿಸಿ ನೋಡಿದಾಗ, ಕಣ್ಣಂದಾಜು ಮೂರನೆಯ ಒಂದು ಭಾಗದಷ್ಟು ಕಡಿಮೆ ಬಂತು. ತರಬೇತಾದ ಕಣ್ಣುಗಳ ಕಥೆಯೇ ಇದು. ಮನೆಯಲ್ಲಿ ಚಿಮಣಿ ಬೆಳಕಿನಲ್ಲಿ ನೋಡಿದ ನಮ್ಮ ಹಿರಿಯರ ಅಂದಾಜು ಎಷ್ಟು ತಪ್ಪಿರಬೇಕು!

ಇದೇ ಬಗೆಯ ಅಳತೆಯ ಹಾಳೆ ಮುಂದೆ ಆಫ್ರಿಕಾಕ್ಕೆ ಹೋಯಿತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. ಹಾಳೆಯಿಂದ ಅಳೆದು, ರಕ್ತ ಹೆಚ್ಚೆಂದು ಕಂಡೊಡನೆ ಹೊಟ್ಟೆ ನೀವುವುದು, ಗರ್ಭಕೋಶ ಬಿಗಿಯುವ ಮದ್ದು, ರಕ್ತ ಹೆಪ್ಪು ಉಳಿಸುವ ಮದ್ದು, ಸಲಾಯಿನ್, ಗಾಯ ಎಲ್ಲಿದೆ ಎಂಬ ಪರೀಕ್ಷೆ, ಇವನ್ನು ಒಂದಾದ ಮೇಲೊಂದು ಕಾಯುತ್ತ ಕೂರದೆ ಒಟ್ಟಿಗೇ ಮಾಡಿದರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದ ಸಾವು, ಈ ಮೂರೂ ಸೇರಿದ ಲೆಕ್ಕ ನೂರಕ್ಕೆ 4.3ರಿಂದ 1.6ಕ್ಕೆ ಇಳಿಯಿತು. ಹೊಸ ಔಷಧ ಒಂದೂ ಇಲ್ಲ ನೋಡಿರಿ. ಇದ್ದದ್ದನ್ನೇ ಅಳೆದು, ತಡಮಾಡದೆ ಕೊಟ್ಟದ್ದು ಅಷ್ಟೆ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಸೂಚನೆಗಳೂ ಅಳತೆಯ ಹಾಳೆಯನ್ನು ಬಳಸಿರಿ ಎಂದಿವೆ.

ಹೆಪ್ಪು ಉಳಿಸುವ ಮದ್ದು ಎಂದೆನಲ್ಲ, ಅದು ಟ್ರಾನೆಕ್ಸಾಮಿಕ್ ಆಸಿಡ್. 1962ರಲ್ಲಿ ಅದನ್ನು ಜಪಾನಿನಲ್ಲಿ ಕಂಡುಹಿಡಿದವರು ಉತಾಕೋ ಒಕಾಮೊಟೊ ಎಂಬ ಮಹಿಳೆ ಮತ್ತು ಅವರ ಪತಿ. ಹೆತ್ತ ತಾಯಂದಿರ ಮೇಲೆ ಅದನ್ನು ಪರೀಕ್ಷಿಸಿ ನೋಡಿರಿ ಎಂಬ ಅವರ ಆಸೆ ದಶಕಗಳ ಕಾಲ ಈಡೇರಲಿಲ್ಲ. 21 ದೇಶಗಳ 20,060 ತಾಯಂದಿರ ಪರೀಕ್ಷೆಯ ಫಲಿತಾಂಶ 2017ರಲ್ಲಿ ಹೊರಬಂತು: ರಕ್ತಸ್ರಾವದ ಸಾವು ಕಡಿಮೆಯಾಗುತ್ತದೆ, ಆದರೆ ಹೆರಿಗೆಯಾಗಿ ಮೂರು ತಾಸಿನ ಒಳಗೆ ಕೊಟ್ಟರೆ ಮಾತ್ರ. ಆ ತಾಯಿ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು. ನಮ್ಮ ನೆರೆಯ ಢಾಕಾದಲ್ಲಿ ಡಾ. ಸಾಯಬಾ ಅಖ್ತರ್ ಇನ್ನೊಂದು ಉಪಾಯ ಮಾಡಿದರು. ರಕ್ತ ನಿಲ್ಲದ ಗರ್ಭಕೋಶದೊಳಗೆ ಇಟ್ಟು ಉಬ್ಬಿಸುವ ವಿದೇಶಿ ಬಲೂನು ಬಡ ಆಸ್ಪತ್ರೆಗೆ ಎಟಕುವಂತಿರಲಿಲ್ಲ. ಅವರು ರಬ್ಬರ್ ನಳಿಗೆಯ ತುದಿಗೆ ನಿರೋಧ್ ಕಟ್ಟಿ, ಸಲಾಯಿನ್ ನೀರು ತುಂಬಿ, ಅದೇ ಕೆಲಸ ಮಾಡಿಸಿದರು. 23 ತಾಯಂದಿರಲ್ಲಿ ರಕ್ತ ನಿಂತದ್ದನ್ನು 2003ರಲ್ಲಿ ಪ್ರಕಟಿಸಿದರು. ನಂತರ ಆಫ್ರಿಕಾದಲ್ಲಿ ನಡೆದ ಪರೀಕ್ಷೆಗಳು ಅಷ್ಟು ಒಳ್ಳೆಯ ಫಲ ತೋರಿಸಲಿಲ್ಲ ಎಂಬುದನ್ನೂ ಹೇಳಬೇಕು. ರಕ್ತ ಮತ್ತು ಶಸ್ತ್ರಚಿಕಿತ್ಸೆ ಕೈಗೆಟಕುವ ಕಡೆ ಅದನ್ನು ಬಳಸಬೇಕೆಂಬುದು ಈಗಿನ ಅಭಿಪ್ರಾಯ. ಸಂಶೋಧನೆ ಎಂದರೆ ಹೊಗಳಿಕೆಯಲ್ಲ, ಮತ್ತೆ ಮತ್ತೆ ತೂಗುವುದು.

ಇವೆಲ್ಲದರ ಫಲ ನಮ್ಮ ರಾಜ್ಯದ ಲೆಕ್ಕದಲ್ಲೂ ಕಾಣುತ್ತದೆ. ಲಕ್ಷ ಜನನಗಳಿಗೆ ಕರ್ನಾಟಕದಲ್ಲಿ ಸಾಯುತ್ತಿದ್ದ ತಾಯಂದಿರು 2001-03ರಲ್ಲಿ 228, 2018-20ರಲ್ಲಿ 69. ಆಸ್ಪತ್ರೆಯ ಹೆರಿಗೆ, ಆಶಾ ಕಾರ್ಯಕರ್ತೆ, 108 ಗಾಡಿ, ಎಲ್ಲ ಸೇರಿ ಆದದ್ದು. ಉಳಿದ 69ರಲ್ಲಿ ನಮ್ಮ ಭಾಗದವರು ಯಾರೂ ಇರಬಾರದು ಎಂದರೆ ಮನೆಯಲ್ಲಿ ಆಗಬೇಕಾದ ಕೆಲಸವೂ ಇದೆ.

ಒಂದು, ಮೈಯಲ್ಲಿ ರಕ್ತ. ರಕ್ತ ಕಡಿಮೆ ಇದ್ದವಳಿಗೆ ಅರ್ಧ ಲೀಟರ್ ಹೋದರೂ ಪ್ರಾಣಕ್ಕೆ ಬರಬಹುದು. ತುಂಬಿದವಳು ಅದನ್ನು ತಡೆದುಕೊಳ್ಳುತ್ತಾಳೆ. ಕಬ್ಬಿಣದ ಗುಳಿಗೆ ನುಂಗಿದರೆ ಮಲ ಕಪ್ಪಾಗುತ್ತದೆ, ಮಗು ದಪ್ಪವಾಗಿ ಹೆರಿಗೆ ಕಷ್ಟ ಎಂದು ಗುಳಿಗೆಗಳನ್ನು ಕಪಾಟಿನಲ್ಲಿ ಕೂಡಿಡುವ ಮನೆಗಳು ಎಷ್ಟಿಲ್ಲ? ಮಲ ಕಪ್ಪಾಗುವುದು ಸಹಜ. ಎರಡನೆಯ ಮಾತು ಬರೀ ಸುಳ್ಳು.

ಇನ್ನೊಂದು, ಕೊಡುವ ರಕ್ತ. ಪ್ರೀವಿಯಾ ಇದ್ದವಳ ಸಿಜೇರಿಯನ್ನಿಗೆ ರಕ್ತ ಮೊದಲೇ ಸಿದ್ಧವಿರಬೇಕು. ಅಣ್ಣತಮ್ಮಂದಿರೇ, ಈ ಮಾತು ನಿಮಗೆ. ಕಲ್ಲಿನ ಗಣಿಯಲ್ಲಿ ದಿನವಿಡೀ ಸುತ್ತಿಗೆ ಹೊಡೆಯುವವರು, ಸಿಮೆಂಟ್ ಚೀಲ ಹೊರುವವರು ಒಂದು ಬಾಟಲಿ ರಕ್ತ ಎಂದರೆ ಹಿಂದೆ ಸರಿಯುತ್ತೀರಿ, ಕಸುವು ಹೋಗುತ್ತದೆ ಎನ್ನುತ್ತೀರಿ. ತೆಗೆಯುವುದು 350 ಮಿಲಿಲೀಟರ್. ನಿಮ್ಮ ಮೈಯಲ್ಲಿರುವುದು ಸುಮಾರು ಐದು ಲೀಟರ್. ನೀರಿನಂಶ ಒಂದೆರಡು ದಿನದಲ್ಲಿ ತುಂಬುತ್ತದೆ, ಕೆಂಪು ಕಣಗಳು ಕೆಲವು ವಾರಗಳಲ್ಲಿ. 18 ವರ್ಷ ದಾಟಿದ, 45 ಕಿಲೋಗಿಂತ ಹೆಚ್ಚು ತೂಕದ, ಹಿಮೋಗ್ಲೋಬಿನ್ 12.5 ಇರುವ ಆರೋಗ್ಯವಂತ ಗಂಡಸು ಮೂರು ತಿಂಗಳಿಗೊಮ್ಮೆ, ಹೆಂಗಸು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಕಲಬುರಗಿಗೆ ಮುಟ್ಟಿದ ಮೇಲೆ ಅಪರಿಚಿತರ ಕೈಕಾಲು ಹಿಡಿಯುವುದಕ್ಕಿಂತ, ಊರಲ್ಲಿದ್ದಾಗಲೇ ಯಾರ ಗುಂಪು ಯಾವುದೆಂದು ಗೊತ್ತಿರುವುದು ಒಳ್ಳೆಯದಲ್ಲವೇ?

ಅದಕ್ಕಾಗಿ ನಮ್ಮ ಶಾಲೆಯ ಆಫೀಸಿನಲ್ಲಿ ಒಂದು ಉದ್ದ ನೋಟುಬುಕ್ಕು ಇಟ್ಟಿದ್ದೇವೆ. ಎಡಪುಟದಲ್ಲಿ ರಕ್ತ ಕೊಡಲು ಒಪ್ಪಿದವರ ಹೆಸರು, ಗುಂಪು, ಫೋನ್ ನಂಬರು, ಕಳೆದ ಸಲ ಕೊಟ್ಟ ತಾರೀಖು. ಬಲಪುಟದಲ್ಲಿ, ಮನೆಯವರು ಇಷ್ಟಪಟ್ಟರೆ, ಗರ್ಭಿಣಿಯ ಗುಂಪು, ದಿನ ತುಂಬುವ ತಿಂಗಳು, ಹಿಂದೆ ಸಿಜೇರಿಯನ್ ಆಗಿದೆಯೇ, ಮಾಸು ಎಲ್ಲಿದೆ ಎಂಬ ವಿವರ. ತಾಯಿ ಕಾರ್ಡು ಮತ್ತು ಸ್ಕ್ಯಾನ್ ಕಾಗದ ತಂದರೆ ಬರೆದುಕೊಳ್ಳುವ ಕೆಲಸ ನಮ್ಮದು. ಕನ್ನಡದಲ್ಲೂ ಉರ್ದುವಿನಲ್ಲೂ ಓದಿ ಹೇಳುತ್ತೇವೆ. ಈವರೆಗೆ ಎಡಪುಟದಲ್ಲಿ ಒಂಬತ್ತು ಹೆಸರುಗಳಿವೆ, ನೆಗೆಟಿವ್ ಗುಂಪಿನವರು ಒಬ್ಬರೂ ಇಲ್ಲ. ಸಭೆ ಮುಗಿದ ಮೇಲೆ ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲೆ ಇರುತ್ತದೆ, ಪೆನ್ನು ದಾರದಿಂದ ಕಟ್ಟಿದ್ದೇವೆ.